ಗ್ರಾಮ ಪಂಚಾಯಿತಿ ತರಬೇತಿ: ನಡೆದು ಬಂದ ದಾರಿ, ಬಿಟ್ಟುಹೋದ ಕೊಂಡಿ

ಕರ್ನಾಟಕದ ಗ್ರಾಮ ಪಂಚಾಯಿತಿ ಸದಸ್ಯರಿಗೂ ಸಿಬ್ಬಂದಿಗೂ ನೀಡಲಾಗುವ ತರಬೇತಿಯನ್ನು ಕುರಿತ ಈಚಿನ ಬರಹಗಳನ್ನು ಓದಿದವರಿಗೆ ಈ ಕಾರ್ಯ ಕಂಪ್ಯೂಟರಿನೊಂದಿಗೆ ಹುಟ್ಟಿತೆಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ. ಪಂಚಾಯಿತಿಗಳ ಸಕಲ ದೌರ್ಬಲ್ಯಕ್ಕೂ ಚುನಾಯಿತರ ಅಜ್ಞಾನವೇ ಮೂಲವೆಂಬ ಮಾತು ಅದರ ಬೆನ್ನಿಗೇ ಬರುತ್ತದೆ. ನಡೆದ ಸಂಗತಿಗಳು ಇವೆರಡನ್ನೂ ಸಮರ್ಥಿಸುವುದಿಲ್ಲ.

ಮೊದಲ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹಳೆಯ ಮೈಸೂರಿನ 1926ರ ಗ್ರಾಮ ಪಂಚಾಯಿತಿ ಶಾಸನವಾಗಲಿ, ಏಕೀಕರಣದ ನಂತರ ಬೇರೆ ಬೇರೆ ಪ್ರಾಂತಗಳ ಪದ್ಧತಿಗಳನ್ನು ಒಂದುಗೂಡಿಸಿದ 1959ರ ಕಾಯ್ದೆಯಾಗಲಿ ಸದಸ್ಯರ ಕಲಿಕೆಯನ್ನು ಪ್ರತ್ಯೇಕ ಕೆಲಸವೆಂದು ಗಂಭೀರವಾಗಿ ಎಣಿಸಲಿಲ್ಲ. 1952ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದಲ್ಲಿ ತರಬೇತಿ ದೊರೆತದ್ದು ಮುಖ್ಯವಾಗಿ ಗ್ರಾಮಸೇವಕರಿಗೆ, ಅಂದರೆ ಸರ್ಕಾರದ ಕ್ಷೇತ್ರ ಸಿಬ್ಬಂದಿಗೆ. ಪಂಚಾಯಿತಿಯ ಕಾರ್ಯದರ್ಶಿ ತನ್ನ ಹಿಂದಿನವನು ಬರೆದಿಟ್ಟ ವಹಿಗಳನ್ನು ನೋಡಿಯೇ ವಿದ್ಯೆ ಕಲಿಯುತ್ತಿದ್ದನು.

ನಿಜವಾದ ತಿರುವು ಬಂದದ್ದು 1983ರ ಕಾಯ್ದೆಯಿಂದ. ಪಂಚಾಯತ್ ರಾಜ್ ಕುರಿತ ಅಶೋಕ ಮೆಹ್ತಾ ಸಮಿತಿಯ 1978ರ ವರದಿಯ ಛಾಯೆಯಲ್ಲಿ ರೂಪುಗೊಂಡ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆದು, ಶೇ. 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದಾಗ, ಪ್ರಧಾನರೆಂದು ಕರೆಯಲ್ಪಟ್ಟ ಮಂಡಲದ ಅಧ್ಯಕ್ಷರಿಗೂ ಹೊಸ ಸದಸ್ಯರಿಗೂ ಏನನ್ನು, ಯಾರು, ಹೇಗೆ ಕಲಿಸಬೇಕೆಂಬ ಪ್ರಶ್ನೆ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಎದುರಾಯಿತು. ಅಂದಿನ ತರಗತಿಗಳು ಬಹುಮಟ್ಟಿಗೆ ಅಧಿಕಾರಿಗಳು ಕಾಯ್ದೆಯ ಪ್ರಕರಣಗಳನ್ನು ಓದಿ ಹೇಳುವ ಉಪನ್ಯಾಸಗಳಾಗಿದ್ದವು. ಆದರೂ ಕೊಳವೆಬಾವಿಗಳಿಂದಾಗಿ ಜನರ ಬಾಯಲ್ಲಿ ‘ನೀರ್ ಸಾಬ್’ ಆಗಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಆ ವರ್ಷಗಳಲ್ಲಿ ಮೂಡಿಸಿದ ಉತ್ಸಾಹದ ಮುಂದೆ ಪಠ್ಯದ ಒಣಗಲುತನ ಅಷ್ಟಾಗಿ ಕಾಡಲಿಲ್ಲ. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇಂದು ಅವರ ಹೆಸರನ್ನು ಹೊತ್ತಿದೆ.

ಸಂವಿಧಾನದ 73ನೇ ತಿದ್ದುಪಡಿಯನ್ನು ಅನುಸರಿಸಿ ಬಂದ 1993ರ ಕಾಯ್ದೆ ಮಹಿಳಾ ಮೀಸಲಾತಿಯನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿತು. ಅಂದಿನಿಂದ ಮುಂದಿನ ಹತ್ತು ವರ್ಷಗಳು ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕಾಲ. ಓದು ಬರಹ ಬಾರದ, ಸಭೆಯಲ್ಲಿ ಕುಳಿತೇ ಅಭ್ಯಾಸವಿಲ್ಲದ ಸಾವಿರಾರು ಮಹಿಳೆಯರ ಮುಂದೆ ಉಪನ್ಯಾಸ ನಿಲ್ಲದೆಂಬುದು ತಿಳಿದೊಡನೆ ತರಬೇತಿಯ ರೀತಿಯೇ ಬದಲಾಯಿತು: ಸಭೆಯ ಸೂಚನಾಪತ್ರವನ್ನು ಕೈಗಿತ್ತು ಓದಿಸುವುದು, ಅಣಕು ಗ್ರಾಮಸಭೆ ನಡೆಸುವುದು, ನಡಾವಳಿ ಪುಸ್ತಕದಲ್ಲಿ ಖಾಲಿ ಪುಟಕ್ಕೆ ಸಹಿ ಹಾಕಿಸಿಕೊಂಡು ಠರಾವನ್ನು ಆಮೇಲೆ ತುಂಬಿಕೊಳ್ಳುವ ವಾಡಿಕೆಯನ್ನು ನಾಟಕವಾಗಿ ಆಡಿ ತೋರಿಸುವುದು, ಇವೆಲ್ಲ ಆಗ ರೂಢಿಗೆ ಬಂದವು. 1989ರಲ್ಲಿ ಆರಂಭವಾಗಿದ್ದ ಮಹಿಳಾ ಸಮಾಖ್ಯಾ ಎಂಬ ಸಬಲೀಕರಣ ಕಾರ್ಯಕ್ರಮದ ಸಂಘಗಳಲ್ಲಿ ಮೊದಲೇ ಪಳಗಿದ್ದ ಹೆಂಗಸರು ಪಂಚಾಯಿತಿಗೆ ಆಯ್ಕೆಯಾದ ಕಡೆಗಳಲ್ಲಿ ಈ ಕ್ರಮ ಚೆನ್ನಾಗಿ ಬೇರೂರಿತು, ಏಕೆಂದರೆ ತರಬೇತಿ ಮುಗಿದ ಮೇಲೂ ಸಂಶಯ ಕೇಳಲು ಅವರಿಗೊಂದು ಕೂಟವಿತ್ತು. ಗಂಡನೇ ಆಡಳಿತ ನಡೆಸುವನೆಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಆ ಆಕ್ಷೇಪವನ್ನು ಅತಿ ಜೋರಾಗಿ ಎತ್ತಿದವರು, ಪುರುಷ ಸದಸ್ಯರ ಪರವಾಗಿ ಗುತ್ತಿಗೆದಾರರೇ ಆಡಳಿತ ನಡೆಸಿದಾಗ ಸುಮ್ಮನಿದ್ದರೆಂಬುದನ್ನೂ ದಾಖಲಿಸಬೇಕು.

ಉಪಗ್ರಹ ಆಧಾರಿತ ತರಬೇತಿಯೂ ಇದೇ ಕಾಲದ ಕೂಸು. ಮೈಸೂರಿನ ಸ್ಟುಡಿಯೋದಿಂದ ಚಿತ್ರ ಮತ್ತು ಧ್ವನಿ ಹೊರಟು, ತಾಲ್ಲೂಕು ಕೇಂದ್ರದಲ್ಲಿ ಕುಳಿತ ಸದಸ್ಯರು ದೂರವಾಣಿಯಲ್ಲಿ ಪ್ರಶ್ನೆ ಕೇಳುವ ಈ ಪದ್ಧತಿಯ ಜೀವಾಳ ಪರದೆಯಲ್ಲಿರಲಿಲ್ಲ, ಪರದೆಯ ಪಕ್ಕದಲ್ಲಿ ನಿಂತು ಚರ್ಚೆ ನಡೆಸುತ್ತಿದ್ದ ಸಂಪನ್ಮೂಲ ವ್ಯಕ್ತಿಗಳಲ್ಲಿತ್ತು. ಮುಂದೆ ಉಳಿತಾಯದ ಹೆಸರಿನಲ್ಲಿ ಪರದೆ ಉಳಿದು ಚರ್ಚೆ ಸೊರಗಿದಾಗ ‘ಇಷ್ಟು ಮಂದಿಗೆ ತಲುಪಿದೆ’ ಎಂಬ ಲೆಕ್ಕವೇ ಸಾಧನೆಯೆನಿಸಿತು; ಆ ಲೆಕ್ಕದ ಚಟ ಇನ್ನೂ ಬಿಟ್ಟಿಲ್ಲ.

2010ರ ಆಸುಪಾಸಿನಲ್ಲಿ ಮೂರು ಬದಲಾವಣೆಗಳು ಒಟ್ಟಿಗೆ ಬಂದವು: ಮಹಿಳೆಯರಿಗೆ ಅರ್ಧದಷ್ಟು ಸ್ಥಾನ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎಂಬ ಹೊಸ ಹುದ್ದೆ, ಹಾಗೂ ಪಂಚತಂತ್ರ, ತುಸು ಮುಂದೆ ಇ-ಸ್ವತ್ತು ಮೊದಲಾದ ತಂತ್ರಾಂಶಗಳ ವಿಸ್ತರಣೆ. ಪದವೀಧರ ಪಿಡಿಒಗಳ ಆಗಮನದಿಂದ ಕಚೇರಿ ಚುರುಕಾಯಿತೆಂಬುದು ದಿಟ. ಆದರೆ ತರಬೇತಿಯ ವಿಷಯ ಕ್ರಮೇಣ ಯಾವ ಯೋಜನೆಗೆ ಯಾವ ನಮೂನೆ, ಯಾವ ಪುಟದಲ್ಲಿ ಯಾವ ಗುಂಡಿ ಎಂಬಲ್ಲಿಗೆ ಇಳಿಯಿತು. ಹಣ ಪಾವತಿಗೆ ಬೇಕಾದ ಡಿಜಿಟಲ್ ಸಹಿಯ ಡಾಂಗಲ್ ಅಧ್ಯಕ್ಷರ ಹೆಸರಿನಲ್ಲಿದ್ದು ಡಾಟಾ ಎಂಟ್ರಿ ಆಪರೇಟರರ ಮೇಜಿನ ಡ್ರಾಯರಿನಲ್ಲಿ ಉಳಿದುಬಿಡುವ ಉದಾಹರಣೆಗಳು ಅಪರೂಪವಲ್ಲ. ಹಿಂದಿನ ಖಾಲಿ ಪುಟದ ಸಹಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲವಾದರೂ, ಇದನ್ನು ಆಡಿ ತೋರಿಸುವ ಪಾಠ ಎಲ್ಲ ಕಡೆ ಕಾಣಸಿಗುವುದಿಲ್ಲ.

ಈ ಇತಿಹಾಸದಲ್ಲಿ ಎದ್ದು ಕಾಣುವ ಕೊರತೆ ಕೆಳಹಂತದ ಸಿಬ್ಬಂದಿಯದು. ಕರವಸೂಲಿಗಾರ, ಅಂದರೆ ಊರಿನವರ ಮಾತಿನ ಬಿಲ್ ಕಲೆಕ್ಟರ್, ಮನೆ ಮನೆಗೆ ಹೋಗಿ ಕಂದಾಯ ಎತ್ತಿ, ಬೇಡಿಕೆ, ವಸೂಲಿ, ಬಾಕಿಗಳನ್ನು ಒಂದೇ ಸಾಲಿನಲ್ಲಿ ತೋರಿಸುವ ‘ಡಿಸಿಬಿ’ ವಹಿಯನ್ನು ಬರೆಯುವವನು. ಈ ವಹಿ ಹಿಂದುಳಿದರೆ, ಎಂಥ ತರಬೇತಿ ಪಡೆದ ಸದಸ್ಯೆಯೂ ಸಭೆಯಲ್ಲಿ ಬಾಕಿ ಎಷ್ಟೆಂದು ಕೇಳಿ ಉತ್ತರ ಪಡೆಯಲಾರಳು. ಉತ್ಪಾದನೆ, ಸಾಮಾಜಿಕ ನ್ಯಾಯ, ಸೌಕರ್ಯ ಎಂಬ ಸ್ಥಾಯಿ ಸಮಿತಿಗಳು 1993ರ ಕಾಯ್ದೆಯಲ್ಲಿದ್ದರೂ ಬಹಳ ಕಡೆ ಕಾಗದದಲ್ಲೇ ಉಳಿದದ್ದಕ್ಕೆ, ಅವುಗಳ ಸಭೆ ಕರೆದು ನಡಾವಳಿ ಬರೆಯಲು ಪಳಗಿದ ಕೈ ಇಲ್ಲದಿರುವುದೂ ಒಂದು ಕಾರಣ. ಸದಸ್ಯರನ್ನೂ ಸಿಬ್ಬಂದಿಯನ್ನೂ ಪ್ರತ್ಯೇಕವಾಗಿ ಕೂರಿಸಿ ಪಾಠ ಹೇಳುವ ಪದ್ಧತಿ ಇಬ್ಬರ ನಡುವಣ ಅಪನಂಬಿಕೆಯನ್ನು ಇನ್ನಷ್ಟು ಗಟ್ಟಿಗೊಳಿಸಿದೆ.

ಇದಕ್ಕೆ ಹೋಲಿಸಿದರೆ, ನೆರೆಯ ಕೇರಳದಲ್ಲಿ 1996ರ ಜನತಾ ಯೋಜನೆ ಆಂದೋಲನ ಯೋಜನಾ ಹಣದ ದೊಡ್ಡ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಮೊದಲು ಕೊಟ್ಟು, ಖರ್ಚು ಮಾಡುವ ಕೆಲಸದೊಳಗೇ ಕಲಿಕೆಯನ್ನು ಹೆಣೆಯಿತು; ತ್ರಿಶೂರಿನ ‘ಕಿಲ’ ತರಬೇತಿ ಸಂಸ್ಥೆಗೆ ಬಲ ಬಂದದ್ದು ಇದರಿಂದ. ಕರ್ನಾಟಕದಲ್ಲಿ ಕಲಿಕೆ ಬಹುಪಾಲು ಚುನಾವಣೆಯ ಬೆನ್ನಿಗೆ ಬಂದು ಕೆಲವೇ ದಿನಗಳಲ್ಲಿ ಮುಗಿಯುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನದಿಂದ ಹಣದ ಹರಿವು ಹೆಚ್ಚಿದೆ, ಗದುಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕೆಂದೇ ವಿಶ್ವವಿದ್ಯಾಲಯ ನಿಂತಿದೆ. ಆದರೆ 2020ರ ಚುನಾವಣೆಯ ನಂತರ ಬಂದ ಅಧ್ಯಕ್ಷರಿಗೆ ದೊರೆತದ್ದು 30 ತಿಂಗಳ ಅವಧಿ. ಮೀಸಲಾತಿಯ ಸರದಿ ಬದಲಾದಾಗ ಕಲಿತವರು ಮನೆಗೆ ತೆರಳುತ್ತಾರೆ, ಅವರ ಅನುಭವವನ್ನು ಮುಂದಿನವರಿಗೆ ದಾಟಿಸುವ ಹೊಣೆ ಯಾವ ಪಠ್ಯಕ್ರಮದ ಪಾಲಿಗೂ ಸ್ಪಷ್ಟವಾಗಿ ಬಂದಿಲ್ಲ. ಆ ನಡುವೆ ಕಚೇರಿಯಲ್ಲಿ ಬಹುಕಾಲ ಉಳಿಯುವವನು ಬಿಲ್ ಕಲೆಕ್ಟರ್. ಅವನಿಗೆ ಕಾರ್ಯದರ್ಶಿಯಾಗಿ ಬಡ್ತಿ ಪಡೆಯುವ ಅವಕಾಶವೂ ನಿಯಮಗಳಲ್ಲಿದೆ, ಆ ಹುದ್ದೆಗೆ ಬೇಕಾದ ಕಲಿಕೆಯನ್ನು ಮಾತ್ರ ಬಡ್ತಿಗೆ ಮುಂಚೆ ಕೊಡುವುದು ವಿರಳ.