ತಲೆನೋವು: ಅಪಾಯದ ಮುನ್ಸೂಚನೆಗಳು

ಬಹುತೇಕ ತಲೆನೋವುಗಳು ವಿಶ್ರಾಂತಿ, ನಿದ್ರೆ ಮತ್ತು ನೀರಿನಿಂದ ಶಮನವಾಗುತ್ತವೆ. ಆದರೆ ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಮಾತ್ರೆ ಸೇವಿಸಿ ಕಾಯದೆ ಕೂಡಲೇ ಆಸ್ಪತ್ರೆಗೆ ತೆರಳತಕ್ಕದ್ದು.

1. ಹಿಂದೆಂದೂ ಅನುಭವಿಸದಷ್ಟು ತೀವ್ರವಾಗಿ, ಹಠಾತ್ತನೆ ಬರುವ ತಲೆನೋವು.
2. ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲುಗಳ ಬಲಹೀನತೆ, ಮಾತು ತೊದಲುವುದು (ಪಾರ್ಶ್ವವಾಯು). ಇವು ತಲೆನೋವಿಲ್ಲದೆಯೂ ಬರಬಹುದು.
3. ಜ್ವರದೊಂದಿಗೆ ಕುತ್ತಿಗೆ ಬಿಗಿತ, ಪ್ರಜ್ಞೆ ಮಂಕಾಗುವುದು.
4. ತಲೆಗೆ ಪೆಟ್ಟಾದ ನಂತರ ಪದೇ ಪದೇ ವಾಂತಿ, ತೂಕಡಿಕೆ.
5. ಗರ್ಭಿಣಿಯರಲ್ಲಿ 20 ವಾರಗಳ ನಂತರ ತಲೆನೋವು, ಕಣ್ಣು ಮಂಜಾಗುವುದು, ಮುಖ ಹಾಗೂ ಕೈಗಳ ಊತ.
6. ಬಿಸಿಲಿನಲ್ಲಿ ದುಡಿದವರಿಗೆ ಮೈ ಸುಡುವುದು, ಗೊಂದಲದ ಮಾತು (ಬಿಸಿಲಾಘಾತ). ಬೇಸಿಗೆಯಲ್ಲಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಕೃಷಿ ಕಾರ್ಮಿಕರು ವಿಶೇಷ ಎಚ್ಚರ ವಹಿಸತಕ್ಕದ್ದು. ರೋಗಿಯನ್ನು ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುವುದು.

ಸಮಯದ ಮಹತ್ವ: ರಕ್ತ ಹೆಪ್ಪುಗಟ್ಟಿ ಉಂಟಾದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ, ತಲೆಯ ಸ್ಕ್ಯಾನ್ ಮಾಡಿದ ನಂತರವೇ ನೀಡಲಾಗುತ್ತದೆ. ದೇವದುರ್ಗ ಹಾಗೂ ಮಾನ್ವಿಯಿಂದ ರಾಯಚೂರು ನಗರಕ್ಕೆ ಸುಮಾರು 50 ಕಿ.ಮೀ. ಅಂತರವಿರುವುದರಿಂದ, ಬೆಳಗಾಗಲಿ ಎಂದು ಕಾದಲ್ಲಿ ಈ ಅವಕಾಶ ತಪ್ಪಿಹೋಗುತ್ತದೆ. ಲಕ್ಷಣ ಆರಂಭವಾದ ವೇಳೆಯನ್ನು ಬರೆದಿಟ್ಟು ವೈದ್ಯರಿಗೆ ತಿಳಿಸತಕ್ಕದ್ದು.

ಸೇವೆ ಪಡೆಯುವ ವಿಧಾನ: 108ಕ್ಕೆ ಉಚಿತ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಗುರುತಿಸಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಪತ್ರದ ಅಗತ್ಯವಿರುವುದಿಲ್ಲ. ಪಡಿತರ ಚೀಟಿ ಅಥವಾ ಆಧಾರ್ ಹುಡುಕುವ ಸಲುವಾಗಿ ರೋಗಿಯನ್ನು ಸಾಗಿಸಲು ವಿಳಂಬ ಮಾಡಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.