ಒಂದು ವರ್ಷದ ಪರೀಕ್ಷೆ

ಹೊನ್ನಾಳಿಯ ಕಾಲೇಜೊಂದರಲ್ಲಿ ನಾನು ಕನ್ನಡ ಅಧ್ಯಾಪಕನಾಗಿ ಸೇರಿದ ಹೊಸತು. ಪಿ.ಯು.ಸಿ. ಪ್ರವೇಶದ ದಿನ ನ್ಯಾಮತಿಯ ಕಡೆಯ ರೈತರೊಬ್ಬರು ಮಗಳೊಡನೆ ಬಂದು, "ವಿಜ್ಞಾನಕ್ಕೇ ಸೇರ್ತೀನಿ ಅಂತ ಹಟ ಹಿಡಿದಾಳೆ ಮೇಷ್ಟ್ರೇ. ಒಂದು ವರ್ಷ ನೋಡ್ತೀನಿ, ಸರಿಹೋಗದಿದ್ರೆ ಬಿಡಿಸ್ತೀನಿ" ಎಂದರು. ಅದಕ್ಕೆ ಅರ್ಧ ಶತಮಾನ ಹಿಂದೆ ನೊಬೆಲ್ ಪಾರಿತೋಷಿಕ ಪಡೆದ ವಿಜ್ಞಾನಿಯೊಬ್ಬರು ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ಆಡಿದ್ದರೆಂಬುದು ಆಗ ನನಗೆ ತಿಳಿಯದು.

1933ನೆಯ ಇಸವಿ. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದ ಕಮಲಾ ಭಾಗವತ್ ಎಂಬ ತರುಣಿ, ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅರ್ಜಿ ಹಾಕಿದರು. ಅವರ ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ರಸಾಯನಶಾಸ್ತ್ರ ಓದಿದವರು. ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಅಂಕ ಸಾಲದೆಂದಲ್ಲ, ಅರ್ಜಿದಾರಳು ಹೆಣ್ಣೆಂದು. ಕಮಲಾ ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಬೆಂಗಳೂರಿಗೇ ಬಂದು ರಾಮನ್ ಅವರೆದುರು ನಿಂತು ಕಾರಣ ಕೇಳಿದರು. ಕೊನೆಗೆ ಪ್ರವೇಶವೇನೋ ದೊರೆಯಿತು, ನಿಬಂಧನೆಗಳ ಸಮೇತ: ಮೊದಲ ವರ್ಷ ಪರೀಕ್ಷಾರ್ಥ, ನಿರ್ದೇಶಕರಿಗೆ ತೃಪ್ತಿಯಾಗುವವರೆಗೆ ಕೆಲಸಕ್ಕೆ ಮಾನ್ಯತೆಯಿಲ್ಲ, ಗಂಡು ಸಹಪಾಠಿಗಳ ಚಿತ್ತ ಕೆಡಿಸಕೂಡದು. ಈ ಕಡೆಯ ನಿಬಂಧನೆಯ ಬಗೆಗೆ ಒಂದು ಮಾತು. ಚಂಚಲವಾಗುವ ಚಿತ್ತ ಗಂಡಸರದು. ಮುಚ್ಚಳಿಕೆ ಮಾತ್ರ ಹೆಂಗಸಿನಿಂದ!

ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕಮಲಾ ದುಡಿದರು. ವರ್ಷ ಕಳೆಯಿತು; ರಾಮನ್ ಒಪ್ಪಿದರು. ಕಮಲಾ ಮುಂದೆ ಕೇಂಬ್ರಿಜ್ಜಿಗೆ ಹೋಗಿ, ಆಲೂಗೆಡ್ಡೆಯ ಅಧ್ಯಯನದಿಂದ ಸಸ್ಯಗಳ ಉಸಿರಾಟದಲ್ಲಿ 'ಸೈಟೋಕ್ರೋಮ್ ಸಿ' ಎಂಬ ವಸ್ತುವಿನ ಪಾತ್ರವನ್ನು ತೋರಿಸಿದರು. 1939ರಲ್ಲಿ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಆ ಪದವಿ ಪಡೆದ ಭಾರತದ ಮೊದಲ ಮಹಿಳೆಯರಲ್ಲಿ ಅವರನ್ನು ಎಣಿಸುತ್ತಾರೆ. ವಿವಾಹಾನಂತರ ಅವರು ಕಮಲಾ ಸೋಹೋನಿ.

ರಾಮನ್ ಒಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1911ರಲ್ಲಿ ಮೇರಿ ಕ್ಯೂರಿಯವರನ್ನೇ ಹೊರಗಿಟ್ಟಿತು. ಲಂಡನ್ನಿನ ರಾಯಲ್ ಸೊಸೈಟಿ ಮಹಿಳೆಯರನ್ನು ಸದಸ್ಯರನ್ನಾಗಿ ಚುನಾಯಿಸಿದ್ದು 1945ರಲ್ಲಿ. ಕೇಂಬ್ರಿಜ್ ಹೆಂಗಸರಿಗೆ ಗಂಡಸರೊಡನೆ ಸಮನಾದ ಪದವಿಯನ್ನು ಕೊಟ್ಟದ್ದು 1948ರಲ್ಲಿ.

ರಾಮನ್ ಅವರ ಪ್ರಯೋಗಶಾಲೆಗೂ ಕ್ರಮೇಣ ಹೆಣ್ಣುಮಕ್ಕಳು ಬಂದರು. ಬಂದವರಿಗೆಲ್ಲ ದಾರಿ ಸುಗಮವಾಯಿತೆನ್ನಲಾಗದು. ಅನ್ನಾ ಮಣಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಸಂಶೋಧನೆ ನಡೆಸಿ, 1945ರಲ್ಲಿ ಪ್ರಬಂಧವನ್ನೂ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾನಿಲಯ ಪದವಿ ನಿರಾಕರಿಸಿತು. ಅವರು ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ಮುಗಿಲು ನೋಡಿ ಬದುಕುವ ಜಗಳೂರು ಸೀಮೆಯವರಿಗೆ ಈ ಕೆಲಸದ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು ಎಂಜಿನಿಯರಿಂಗ್. ಚನ್ನಗಿರಿಯ ಸೂಳೆಕೆರೆಯನ್ನು ಕಟ್ಟಿಸಿದವಳು ಶಾಂತವ್ವೆಯೆಂಬ ಐತಿಹ್ಯವನ್ನು ಅಭಿಮಾನದಿಂದ ಹೇಳುವ ನಾವು, ಈ ವಿದ್ಯೆ ಹೆಣ್ಣಿಗಲ್ಲವೆಂದೂ ನಂಬಿದ್ದೆವು. ನಂಜನಗೂಡಿನ ಮನೆತನದ ರಾಜೇಶ್ವರಿ ಚಟರ್ಜಿ ಅದನ್ನು ಸುಳ್ಳುಮಾಡಿದರು. 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸೇರಿದ ಅವರು, ಅಮೆರಿಕೆಯ ಮಿಷಿಗನ್ನಿನಲ್ಲಿ ಪಿಎಚ್.ಡಿ. ಪಡೆದು ಹಿಂದಿರುಗಿ, ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಹಾಗೂ ಆಂಟೆನಾಗಳ ಪ್ರಾಧ್ಯಾಪಕಿಯಾದರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು. ಮೊಮ್ಮಗಳನ್ನು ಪರೀಕ್ಷಾರ್ಥ ಓದಿಸುವ ಮನೆ ಅದಾಗಿರಲಿಲ್ಲ.

ನ್ಯಾಮತಿಯ ಆ ತಂದೆಗೆ ನಾನು ಅಂದು ಏನು ಹೇಳಿದೆನೆಂಬುದನ್ನೂ ಹೇಳಿಬಿಡಬೇಕು. ಪ್ರಯೋಗಶಾಲೆಯಲ್ಲಿ ಸಂಜೆಯವರೆಗೆ ನಿಲ್ಲಬೇಕಾಗುತ್ತದೆ, ಆಮೇಲೆ ಬಸ್ಸು ಸಿಗುವುದು ಕಷ್ಟ, ಹುಡುಗಿಗೆ ಕಲಾ ವಿಭಾಗವೇ ಲೇಸು ಎಂದೆ. ಅವರು ಕೈಮುಗಿದು ಒಪ್ಪಿದರು. ರಾಮನ್ ಅವರಂತೆ ಆತನೂ ಒಂದು ವರ್ಷವನ್ನಾದರೂ ಕೊಡಲು ಸಿದ್ಧನಿದ್ದ. ಅದನ್ನೂ ತಪ್ಪಿಸಿದವನು ನಾನು. ಹುಡುಗಿ ಎರಡು ವರ್ಷ ಮುಂದಿನ ಬೆಂಚಿನಲ್ಲಿ ಕುಳಿತು ನನ್ನ ಪಂಪನ ಪಾಠವನ್ನು ಶ್ರದ್ಧೆಯಿಂದ ಕೇಳಿದಳು. ವಿಜ್ಞಾನದ ಮಾತನ್ನು ಮತ್ತೆ ಎತ್ತಲಿಲ್ಲ.