ಉಪಗ್ರಹ ಅರಣ್ಯ ಸಮೀಕ್ಷೆ

ಕಾಡಿನ ಹರವು, ದಟ್ಟಣೆ ಹಾಗೂ ಅಲ್ಲಿನ ಬದಲಾವಣೆಗಳನ್ನು ಉಪಗ್ರಹ ಚಿತ್ರಗಳಿಂದ ಅಳೆಯುವ ವಿಧಾನ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಪ್ರತಿಫಲಿಸುತ್ತದೆ. ಈ ಅಂತರವೇ ಅಳತೆಗೆ ಆಧಾರ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ವರದಿ ಹೊರತರುತ್ತಿದೆ. ಮೊದಲು ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ನೆಚ್ಚಿದ್ದ ಸಂಸ್ಥೆ ಮುಂದೆ ಇಸ್ರೋ ಉಪಗ್ರಹಗಳತ್ತ ಹೊರಳಿತು. ಅವುಗಳಲ್ಲಿನ ಲಿಸ್-3 ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ 23.5 ಮೀಟರ್ ಚೌಕ. ಕನಿಷ್ಠ 1 ಹೆಕ್ಟೇರ್ ಜಾಗದಲ್ಲಿ ಮರಗಳ ನೆತ್ತಿ ಶೇ 10ರಷ್ಟಾದರೂ ನೆಲವನ್ನು ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಶೇ 70 ಮುಟ್ಟಿದರೆ ‘ಅತಿ ದಟ್ಟ’.

ತೊಡಕಿರುವುದು ಈ ವ್ಯಾಖ್ಯೆಯಲ್ಲೇ. ಮರದ ಜಾತಿಯಾಗಲಿ ಜಮೀನಿನ ಒಡೆತನವಾಗಲಿ ಲೆಕ್ಕಕ್ಕೆ ಬಾರದ್ದರಿಂದ ಕೊಡಗಿನ ನೆರಳಿನ ಕಾಫಿ ತೋಟವೂ ಅರಣ್ಯ ಹೊದಿಕೆಯೇ. ಅಲ್ಲಿ ಅತ್ತಿ, ನಂದಿ ಮರಗಳು ಹೋಗಿ ಸಿಲ್ವರ್ ಓಕ್ ಬಂದರೂ ಅಂಕಿ ಕದಲದಿರಬಹುದು; ಹಣ್ಣು ಅರಸಿ ಬರುವ ಮಂಗಟ್ಟೆ ಹಕ್ಕಿಗೆ ಮಾತ್ರ ಅದು ಬೇರೆಯೇ ಜಾಗ. ಬಂಡೀಪುರದಲ್ಲಿ ಮರಗಳಡಿ ಹಬ್ಬಿದ ಲಂಟಾನ ಪೊದೆಯೂ ಎಲೆಚಪ್ಪರದ ಮರೆಯಲ್ಲಿ ಉಳಿದುಬಿಡುತ್ತದೆ. ಹುಲಿ ಗಣತಿಯಲ್ಲಿ ಉಪಗ್ರಹ ಮಾಹಿತಿಯ ಜೊತೆಗೆ ಸಿಬ್ಬಂದಿಯ ಕಾಲ್ನಡಿಗೆ ಸಮೀಕ್ಷೆ, ಕ್ಯಾಮೆರಾ ಟ್ರ್ಯಾಪ್ ಕೂಡ ಬಳಕೆಯಾಗುತ್ತವೆ.

ಕಾಳ್ಗಿಚ್ಚಿನ ಪತ್ತೆಯಲ್ಲಿ ಉಪಗ್ರಹದ ನೆರವು ನೇರವಾದದ್ದು. ಮೋಡಿಸ್, ವಿಯರ್ಸ್ ಸಂವೇದಕಗಳು ಬಿಸಿಯ ತಾಣ ಗುರುತಿಸಿದರೆ, ನೋಂದಾಯಿಸಿಕೊಂಡವರ ಮೊಬೈಲಿಗೆ ಎಸ್‌ಎಂಎಸ್ ಎಚ್ಚರಿಕೆ ಬರುತ್ತದೆ.